650 ರೂಪಾಯಿ ವೈಫೈ ಡಾಂಗಲ್ ಸಿಡಿ ಡ್ರೈವ್ ಅಂತ ಕೂತಿತ್ತು | ಹಳೇ ಲ್ಯಾಪ್‌ಟಾಪ್‌ಗೆ ಡೆಬಿಯನ್ ಹಾಕಿದ ಕಥೆ

ಹಾಂ, ನಮಸ್ಕಾರ ಎಲ್ರಿಗೂ. ಟೇಬಲ್ ಮೇಲೆ ಕಾಣ್ತಿದೆಯಲ್ಲ, ಇದು ನಮ್ಮ ಚಿಕ್ಕಮ್ಮನ ಮಗಳ ಲ್ಯಾಪ್‌ಟಾಪ್, 2014ರದ್ದು. ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ಕ್ಕೆ ಸಪೋರ್ಟ್ ಮುಗೀತು, 11 ಹಾಕೋಣ ಅಂದ್ರೆ ಇದರಲ್ಲಿ ಅದಕ್ಕೆ ಬೇಕಾದ ಟಿಪಿಎಂ 2.0 ಅನ್ನೋ ಭದ್ರತಾ ಚಿಪ್ ಇಲ್ಲ, ಪ್ರೊಸೆಸರ್ರೂ ಅವರ ಲಿಸ್ಟಲ್ಲಿಲ್ಲ. ಹಾಗಂತ ಗುಜರಿಗೆ ಹಾಕೋಕಾಗುತ್ತಾ? ಕೀಬೋರ್ಡ್ ಗಟ್ಟಿಮುಟ್ಟಾಗಿದೆ, ಸ್ಕ್ರೀನ್ ಮೇಲೆ ಒಂದು ಗೆರೆ ಇಲ್ಲ, 8 ಜಿಬಿ ರ‍್ಯಾಮ್ ಇದೆ. ಅವಳಿಗೆ ಬೇಕಾಗಿರೋದು ಬ್ರೌಸರ್ರು, ಲಿಬ್ರೆ ಆಫೀಸು, ಬಿಎಸ್ಸಿ ಪ್ರಾಕ್ಟಿಕಲ್‌ಗೆ ಪೈಥಾನ್, ಅಷ್ಟೇ. ಸರಿ ವಿಂಡೋಸ್ ಬದಲು ಡೆಬಿಯನ್ ಅನ್ನೋ ಲಿನಕ್ಸ್ ಆಪರೇಟಿಂಗ್ ಸಿಸ್ಟಮ್ ಹಾಕಿಬಿಡೋಣ ಅಂತ ತುಮಕೂರಿಗೆ ಬಂದೆ, ಒಂದು ಮಧ್ಯಾಹ್ನದ ಕೆಲಸ ಅಂದ್ಕೊಂಡಿದ್ದೆ, ಎರಡು ದಿನ ಆಯ್ತು.

ಇಲ್ಲಿ ಓಡ್ತಿರೋದು ಡಿಸ್ಕಿನ ಆರೋಗ್ಯ ನೋಡೋ ಕಮಾಂಡು, ಸ್ಮಾರ್ಟ್‌ಸಿಟಿಎಲ್. ಹಳೇ ಮೆಷಿನ್ ಮುಟ್ಟೋಕೆ ಮುಂಚೆ ನಾನು ಮೊದಲು ನೋಡೋದೇ ಇದನ್ನ. ಇಷ್ಟೊಂದು ಸಾಲು ಬರುತ್ತೆ ಅಂತ ಹೆದರಬೇಡಿ, ಎರಡೇ ಸಾಲು ನೋಡಿ, 5ನೇ ನಂಬರಿನ ರೀಅಲೊಕೇಟೆಡ್ ಸೆಕ್ಟರ್, ಅಂದ್ರೆ ಕೆಟ್ಟು ಬದಲಿ ಜಾಗಕ್ಕೆ ಹೋದ ಭಾಗಗಳು, 197ನೇ ನಂಬರಿನ ಪೆಂಡಿಂಗ್ ಸೆಕ್ಟರ್, ಅಂದ್ರೆ ಕೆಟ್ಟಿರಬಹುದು ಅನ್ನೋ ಅನುಮಾನದ ಭಾಗಗಳು. ಕೊನೇ ಕಾಲಮ್ಮಲ್ಲಿ ಎರಡೂ ಸೊನ್ನೆ ಇದ್ರೆ ಡಿಸ್ಕ್ ಸದ್ಯಕ್ಕೆ ಕೈ ಕೊಡಲ್ಲ ಅಂತ ಒಂದು ಧೈರ್ಯ. ಇದರಲ್ಲಿ ಎರಡೂ ಸೊನ್ನೆ. ಖುಷಿಯಾಯ್ತು ನಂಗೆ.

ಪೆನ್‌ಡ್ರೈವ್ ಮಾಡೋದು ಕಾಣ್ತಿದೆ, ಹೇಳಲ್ಲ. ಒಂದು ಮಾತು ಮಾತ್ರ, ಹಿಂದಿನ ಒಂದು ವಿಡಿಯೋದಲ್ಲಿ ಐಎಸ್ಒ, ಅಂದ್ರೆ ಇನ್‌ಸ್ಟಾಲ್ ಮಾಡೋ ಫೈಲು, ಪೆನ್‌ಡ್ರೈವಿಗೆ ಬರೆಯೋಕೆ ಡಿಡಿ ಕಮಾಂಡ್ ಬಿಟ್ರೆ ಬೇರೆ ದಾರಿನೇ ಇಲ್ಲ ಅಂದಿದ್ದೆ, ಅದು ತಪ್ಪು. ಡೆಬಿಯನ್ ಕೈಪಿಡಿಯಲ್ಲೇ ಇದೆ, ಸಿಪಿ ಕಮಾಂಡಲ್ಲಿ ಫೈಲ್ ಕಾಪಿ ಮಾಡಿದ ಹಾಗೆ ನೇರವಾಗಿ ಡಿವೈಸ್‌ಗೆ ಕಾಪಿ ಮಾಡಿ ಸಿಂಕ್ ಅಂತ ಹೊಡೆದ್ರೆ ಸಾಕು. ಆದ್ರೆ ಯಾವುದೇ ಕಮಾಂಡ್ ಆಗ್ಲಿ, ಮುಂಚೆ ಎಲ್ಎಸ್‌ಬಿಎಲ್‌ಕೆ ಹಾಕಿ ಯಾವ್ದು ಪೆನ್‌ಡ್ರೈವು ಯಾವ್ದು ಹಾರ್ಡ್ ಡಿಸ್ಕು ಅಂತ ಸೈಜ್ ನೋಡಿ ಗುರುತು ಹಿಡೀರಿ, ಎಸ್‌ಡಿಎ ಎಸ್‌ಡಿಬಿ ಒಂದಕ್ಷರ ಆಚೀಚೆ ಆದ್ರೆ ಅವಳ ಐದು ವರ್ಷದ ಫೋಟೋ ಹೋಗಿಬಿಡುತ್ತೆ.

ಇನ್‌ಸ್ಟಾಲ್ ಓಡಿಸಿಬಿಡ್ತೀನಿ, ಫಾಸ್ಟ್ ಫಾರ್ವರ್ಡ್.

ಈಗ ವಿಷಯಕ್ಕೆ ಬಂದೆ. ಈ ಲ್ಯಾಪ್‌ಟಾಪಿನ ಒಳಗಿನ ವೈಫೈ ಸತ್ತಿದೆ, ಹಿಂಜ್ ಹತ್ರ ಆಂಟೆನಾ ವೈರ್ ಕಟ್ ಆಗಿದೆ, ಬಿಚ್ಚೋಕೆ ಹೋಗ್ಲಿಲ್ಲ. ಯುಎಸ್‌ಬಿ ಡಾಂಗಲ್ ತಗೊಂಡ್ರೆ ಆಯ್ತು ಅಂತ ಮಾರನೇ ದಿನ ಬೆಂಗಳೂರಲ್ಲಿ ಕೆಲಸ ಇತ್ತು, ಎಸ್‌ಪಿ ರೋಡಿಗೆ ಹೋದೆ. ಎಸ್‌ಪಿ ರೋಡ್ ಬಗ್ಗೆ ಒಂದು ವಿಡಿಯೋನೇ ಮಾಡ್ಬೇಕು, ಆ ಗಲ್ಲಿಗಳಲ್ಲಿ ಸಿಗದೇ ಇರೋ ಕೇಬಲ್ ಇಲ್ಲ. ಇರ್ಲಿ. ಒಂದು ಅಂಗಡೀಲಿ 650 ರೂಪಾಯಿ ಹೇಳಿದ್ರು, ಲಿನಕ್ಸ್‌ಗೆ ಆಗುತ್ತಾ ಅಂತ ಎರಡು ಸಲ ಕೇಳಿದೆ, ಡಬ್ಬಿ ತಿರುಗಿಸಿ ತೋರಿಸಿದ್ರು, ಲಿನಕ್ಸ್ ಅಂತ ಪ್ರಿಂಟ್ ಆಗಿದೆ, ನೋಡಿ ಇಲ್ಲಿ. ಯಾವ ಚಿಪ್ ಅಂತ ಎಲ್ಲೂ ಬರೆದಿಲ್ಲ. ನಂಗೆ ಕೋಪ ಬರೋದು ಇದಕ್ಕೇ. ಒಂದೇ ಡಬ್ಬಿ, ಒಂದೇ ಮಾಡೆಲ್ ನಂಬರ್ ಇಟ್ಕೊಂಡು ಒಳಗಿನ ಚಿಪ್ ಬದಲಾಯಿಸಿ ಮಾರ್ತಾರೆ, ತಗೊಳ್ಳೋರಿಗೆ ಗೊತ್ತಾಗೋದು ಹೇಗೆ? ಅಕ್ಕಿ ಮೂಟೆ ಮೇಲೆ ಸೋನಾಮಸೂರಿ ಅಂತ ಬರೆದು ಒಳಗೆ ಕುಸಲಕ್ಕಿ ತುಂಬಿದ್ರೆ ಸುಮ್ನೆ ಇರ್ತೀವಾ?

ಇದನ್ನ ನೋಡಿ, ಡಾಂಗಲ್ ಹಾಕಿದೆ, ವೈಫೈ ಐಕಾನ್ ಇಲ್ಲ. ಬದಲಿಗೆ ಡೆಸ್ಕ್‌ಟಾಪ್ ಮೇಲೆ ಒಂದು ಸಿಡಿ ಬಂತು. ಸಿಡಿ! ಈ ಲ್ಯಾಪ್‌ಟಾಪಿಗೆ ಸಿಡಿ ಡ್ರೈವೇ ಇಲ್ಲ. ಒಳಗೆ ತೆಗೆದ್ರೆ ವಿಂಡೋಸಿನ ಸೆಟಪ್ ಫೈಲು.

ಇಲ್ಲಿ ಬಹಳ ಜನ ಮಾಡೋ ಕೆಲಸ ಏನು, ಗೂಗಲ್ ಮಾಡಿ ಮೊದಲು ಸಿಕ್ಕಿದ ಹತ್ತು ಕಮಾಂಡ್ ಕಾಪಿ ಪೇಸ್ಟ್ ಹೊಡೀತಾರೆ, ನಾನೂ ಮಾಡ್ತಿದ್ದೆ, ಈಗ ಬಿಟ್ಟಿದೀನಿ. ಮೊದಲು ಡಿಮೆಸೇಜ್ ಕಮಾಂಡ್ ತೆಗೀರಿ, ಕರ್ನಲ್, ಅಂದ್ರೆ ಲಿನಕ್ಸಿನ ತಿರುಳು, ಏನಂತಿದೆ ಕೇಳಿ. ಎಡಗಡೆ ಬ್ರಾಕೆಟ್ ಒಳಗಿರೋದು ಬೂಟ್ ಆದಾಗಿಂದ ಎಷ್ಟು ಸೆಕೆಂಡ್ ಆಯ್ತು ಅನ್ನೋ ಲೆಕ್ಕ. 412ನೇ ಸೆಕೆಂಡಿಗೆ ಹೊಸ ಯುಎಸ್‌ಬಿ ಡಿವೈಸ್ ಬಂತು ಅಂತಿದೆ, 413ಕ್ಕೆ ಯುಎಸ್‌ಬಿ ಸ್ಟೋರೇಜ್ ಅಂತಿದೆ, 414ಕ್ಕೆ ಎಸ್ಆರ್0, ಅಂದ್ರೆ ಸಿಡಿ ಡ್ರೈವು. ಕರ್ನಲ್ ಸುಳ್ಳು ಹೇಳ್ತಿಲ್ಲ, ಡಾಂಗಲ್ಲೇ ಬಂದು ನಾನು ಸಿಡಿ ಡ್ರೈವ್ ಅಂತ ಪರಿಚಯ ಹೇಳ್ಕೊಂಡಿದೆ. ಪ್ರತಿ ಯುಎಸ್‌ಬಿ ವಸ್ತುಗೂ ಒಂದು ವೆಂಡರ್ ಐಡಿ ಒಂದು ಪ್ರಾಡಕ್ಟ್ ಐಡಿ ಇರುತ್ತೆ, ನಾಲ್ಕಕ್ಷರ, ಕೋಲನ್, ನಾಲ್ಕಕ್ಷರ, ಎಲ್ಎಸ್‌ಯುಎಸ್‌ಬಿ ಹಾಕಿದ್ರೆ ಕಾಣುತ್ತೆ. ಡ್ರೈವರ್ ಹುಡುಕೋಕೆ ಡಬ್ಬಿ ಮೇಲಿನ ಹೆಸರು ನಂಬಬೇಡಿ, ಈ ಎಂಟಕ್ಷರ ನಂಬಿ.

ಇದು ಯಾಕೆ ಹೀಗೆ ಅಂದ್ರೆ, ವಿಂಡೋಸ್‌ನೋರಿಗೆ ಡ್ರೈವರ್ ಸಿಡಿ ಬೇರೆ ಕೊಡೋ ಬದಲು ಡಾಂಗಲ್ಲಿನ ಹೊಟ್ಟೆಯಲ್ಲೇ ಸಿಡಿ ಇಟ್ಟಿರ್ತಾರೆ. ಮೊದಲು ಸಿಡಿ ಆಗಿ ಬರುತ್ತೆ, ಡ್ರೈವರ್ ಕೊಡುತ್ತೆ, ಆಮೇಲೆ ವೈಫೈ ಆಗುತ್ತೆ. ಹಳೇ 3ಜಿ ಡಾಂಗಲ್‌ಗಳೂ ಇದೇ ಜಾತಿ. ಜೋಸುವಾ ಡೀಟ್ಜೆ ಅನ್ನೋರು ಇದಕ್ಕೆ ಅಂತಾನೇ ಯುಎಸ್‌ಬಿ ಮೋಡ್‌ಸ್ವಿಚ್ ಅಂತ ಟೂಲ್ ಬರೆದ್ರು, ಪುಣ್ಯಾತ್ಮ. ಅದಿಲ್ಲದೇನೂ ಒಂದು ದಾರಿ ಇದೆ. ಸಿಡಿ ಅಂತ ತಾನೇ ಹೇಳ್ತಿದೆ, ಹಾಗಾದ್ರೆ ಸಿಡಿ ಹೊರಗೆ ತೆಗಿ ಅಂದ್ಬಿಡೋದು. ಇಜೆಕ್ಟ್ ಎಸ್ಆರ್0. ಎಂಟರ್. ಈ ಶಾಟ್ ನಂಗೆ ಬಹಳ ಇಷ್ಟ, ಡಾಂಗಲ್ ಮೇಲಿನ ಲೈಟ್ ನೋಡ್ತಿರಿ, ಆರಿತು... ಹತ್ತಿತು. ಮತ್ತೆ ಎಲ್ಎಸ್‌ಯುಎಸ್‌ಬಿ ಹಾಕಿದ್ರೆ ಐಡಿನೇ ಬದಲಾಗಿದೆ, ಈಗ ವೈಫೈ ಅಂತ ಹೇಳ್ಕೊಳ್ತಿದೆ.

ಆದ್ರೂ ನೆಟ್ ಇಲ್ಲ.

ಇದು ನನ್ನ ತಪ್ಪು. ಕೈಯಲ್ಲಿ ಡೆಬಿಯನ್ 12ರ ಐಎಸ್ಒ ಇತ್ತು ಅಂತ ಅದನ್ನೇ ಹಾಕಿದ್ದೆ, 13 ಬಂದು ಎಷ್ಟೋ ಕಾಲ ಆಗಿದೆ, 2025ರ ಆಗಸ್ಟಲ್ಲೇ ಬಂತು. 12ರಲ್ಲಿರೋದು 6.1 ಕರ್ನಲ್. ಈ ಜಾತಿ ಚಿಪ್ಪಿನ ಯುಎಸ್‌ಬಿ ಡ್ರೈವರ್ ಕರ್ನಲ್ ಒಳಗೆ ಸೇರಿದ್ದು 6.2ರಲ್ಲಿ. ಒಂದೇ ಒಂದು ನಂಬರಿನಲ್ಲಿ ತಪ್ಪಿಹೋಯ್ತು. ಡಬ್ಬಿ ಜೊತೆ ಬಂದ ಪುಟ್ಟ ಸಿಡಿಯಲ್ಲಿ ಡ್ರೈವರ್ ಸೋರ್ಸ್ ಇದೆಯಂತೆ, ಓದೋಕೆ ಸಿಡಿ ಡ್ರೈವ್ ಎಲ್ಲಿದೆ? ಓದಿದ್ರೂ ಅಂಥ ಹೊರಗಿನ ಡ್ರೈವರ್ ನಂಗೆ ಬೇಡ. ಡಿಕೆಎಂಎಸ್ ಅಂತ ಒಂದಿದೆ, ಪ್ರತಿ ಕರ್ನಲ್ ಅಪ್‌ಡೇಟ್ ಆದಾಗ್ಲೂ ಹೊರಗಿನ ಡ್ರೈವರ್‌ನ ಮತ್ತೆ ಕಂಪೈಲ್ ಮಾಡಿ ಕೂರಿಸುತ್ತೆ, ಒಳ್ಳೇ ಟೂಲು, ನಾನು ಮುಂಚೆ ತುಂಬ ಹೊಗಳಿದೀನಿ. ಆದ್ರೆ ಯಾವತ್ತೋ ಒಂದಿನ ಕಂಪೈಲ್ ಫೇಲ್ ಆಗುತ್ತೆ, ಅವತ್ತು ಅವಳಿಗೆ ಅಸೈನ್‌ಮೆಂಟ್ ಕಳಿಸೋ ಕೊನೇ ದಿನ ಆಗಿರುತ್ತೆ, ನಾನು ಊರಲ್ಲಿರಲ್ಲ. ಡ್ರೈವರ್ ಅಂದ್ರೆ ಕರ್ನಲ್ ಮನೆಯೊಳಗೇ ಇರ್ಬೇಕು, ಆಗ ಕರ್ನಲ್ ಬದಲಾದ ಹಾಗೆ ಅದನ್ನೂ ಅವರೇ ತಿದ್ದುತಾರೆ. ಸದ್ಯಕ್ಕೆ ನನ್ನ ಅಭಿಪ್ರಾಯ ಇದು, ಗ್ರಾಫಿಕ್ಸ್ ಕಾರ್ಡ್ ವಿಷಯಕ್ಕೆ ಬಂದ್ರೆ ಸ್ವಲ್ಪ ಸಡಿಲ ಬಿಡ್ತೀನೇನೋ.

ಸರಿ, ಹೊಸ ಕರ್ನಲ್ ಬೇಕು ಅಂದ್ರೆ ನೆಟ್ ಬೇಕು, ನೆಟ್ ಬೇಕು ಅಂದ್ರೆ ಹೊಸ ಕರ್ನಲ್ ಬೇಕು. ಬಾವಿಗೆ ಇಳಿಯೋ ಹಗ್ಗ ಬಾವಿಯೊಳಗೇ ಬಿದ್ದ ಹಾಗೆ. ಇಂಥ ಟೈಮಲ್ಲಿ ಫೋನ್ ತಗೊಂಡು ಚಾರ್ಜರ್ ಕೇಬಲ್ಲಲ್ಲಿ ಲ್ಯಾಪ್‌ಟಾಪಿಗೆ ಹಾಕಿ, ಸೆಟ್ಟಿಂಗ್ಸಲ್ಲಿ ಯುಎಸ್‌ಬಿ ಟೆದರಿಂಗ್ ಆನ್ ಮಾಡಿ. ಆ ಡ್ರೈವರ್ ಕರ್ನಲ್ಲಲ್ಲಿ ಬಹಳ ವರ್ಷದಿಂದ ಇದೆ, ಏನೂ ಕೇಳದೆ ನೆಟ್ ಬಂತು, ನೋಡಿ. ಡೆಬಿಯನ್ 12ಕ್ಕೆ ಬ್ಯಾಕ್‌ಪೋರ್ಟ್ಸ್ ಅಂತ ಇದೆ, ಹಳೇ ವರ್ಷನ್‌ಗೆ ಹೊಸ ಪ್ಯಾಕೇಜ್ ಕೊಡೋ ಜಾಗ, ಅದರಲ್ಲಿ 6.12 ಕರ್ನಲ್ ಇದೆ, ಅದನ್ನ ಇಳಿಸ್ಕೊಂಡೆ.

ಅಷ್ಟರಲ್ಲಿ ಕರೆಂಟ್ ಹೋಯ್ತು, ಚಿಕ್ಕಮ್ಮ ಅವಲಕ್ಕಿ ಕೊಟ್ರು, ಆ ಶಾಟ್ ಇದೆ ಆದ್ರೆ ಕತ್ತಲೆ, ಏನೂ ಕಾಣಲ್ಲ, ಮುಂದೆ ಹೋಗೋಣ.

ರೀಬೂಟ್ ಆದ್ಮೇಲೆ ಎಲ್ಎಸ್‌ಮಾಡ್ ಹಾಕಿದೆ, ಡ್ರೈವರ್ ಕೂತಿದೆ. ಆದ್ರೂ ವೈಫೈ ಇಲ್ಲ! ಮತ್ತೆ ಡಿಮೆಸೇಜ್. ಫರ್ಮ್‌ವೇರ್ ಲೋಡ್ ಆಗ್ಲಿಲ್ಲ, ಪಕ್ಕದಲ್ಲಿ ಮೈನಸ್ 2. ಈ ಮೈನಸ್ 2 ಅಂದ್ರೆ ಆ ಹೆಸರಿನ ಫೈಲೇ ಇಲ್ಲ ಅಂತ, ಡ್ರೈವರ್ ಕೆಟ್ಟಿದೆ ಅಂತಲ್ಲ. ಡ್ರೈವರ್ ಓಡೋದು ನಮ್ಮ ಪ್ರೊಸೆಸರ್ ಮೇಲೆ, ಫರ್ಮ್‌ವೇರ್ ಓಡೋದು ಡಾಂಗಲ್ ಒಳಗಿನ ಚಿಪ್ ಮೇಲೆ, ಎರಡೂ ಬೇಕು. ಡೆಬಿಯನ್‌ನೋರು 2022ರಲ್ಲಿ ವೋಟ್ ಹಾಕಿ, ಮುಕ್ತ ಸಾಫ್ಟ್‌ವೇರ್ ಅಲ್ಲದಿದ್ರೂ ಫರ್ಮ್‌ವೇರ್‌ನ ಇನ್‌ಸ್ಟಾಲರ್ ಜೊತೆಗೇ ಕೊಡೋಣ ಅಂತ ತೀರ್ಮಾನ ಮಾಡಿದ್ರು, 12ರಿಂದ ಹಾಗೇ ಬರ್ತಿದೆ. ಆದ್ರೆ ಇನ್‌ಸ್ಟಾಲರ್ ಹಾಕೋದು ಅವಾಗ ಸಿಕ್ಕಿಸಿದ್ದ ಹಾರ್ಡ್‌ವೇರಿಗೆ ತಕ್ಕ ಫರ್ಮ್‌ವೇರ್. ನಾನು ಡಾಂಗಲ್ ತಂದಿದ್ದೇ ಮಾರನೇ ದಿನ. ಪ್ಯಾಕೇಜ್ ಹಾಕಿದೆ, ಡಾಂಗಲ್ ಕಿತ್ತು ಹಾಕಿದೆ, ಇಜೆಕ್ಟ್ ಹೊಡೆದೆ, ಬಂತು! ಹೆಸರು ಡಬ್ಲ್ಯುಎಲ್ಎಕ್ಸ್, ಅದರ ಹಿಂದೆ ಡಾಂಗಲ್ಲಿನ ಮ್ಯಾಕ್ ಅಡ್ರೆಸ್ಸಿನ 12 ಅಕ್ಷರ, ಬ್ಲರ್ ಮಾಡಿದೀನಿ.

ಇನ್ನೊಂದು ಬಾಕಿ ಇದೆ. ಪ್ರತಿ ಸಲ ಆನ್ ಮಾಡಿದಾಗ್ಲೂ ಇದು ಮತ್ತೆ ಸಿಡಿನೇ ಆಗುತ್ತೆ, ಪಾಪ ಅವಳು ದಿನಾ ಟರ್ಮಿನಲ್ ತೆಗೆದು ಇಜೆಕ್ಟ್ ಅಂತ ಬರೀತಾ ಕೂರ್ಬೇಕಾ? ಅದಕ್ಕೆ ಯುಡೆವ್, ಹೊಸ ವಸ್ತು ಸಿಕ್ಕಿಸಿದಾಗ ಏನು ಮಾಡ್ಬೇಕು ಅಂತ ನೋಡ್ಕೊಳ್ಳೋ ಲಿನಕ್ಸಿನ ಭಾಗ. ಈ ಐಡಿ ಇರೋ ವಸ್ತು ಬಂದ್ರೆ ಮೋಡ್‌ಸ್ವಿಚ್ ಓಡಿಸು ಅಂತ ಒಂದೇ ಸಾಲಿನ ರೂಲ್ ಬರೆದಿಟ್ಟೆ, ಸ್ಕ್ರೀನ್ ಮೇಲಿದೆ, ಪಾಸ್ ಮಾಡಿ ನೋಡ್ಕೊಳ್ಳಿ, ಐಡಿ ನಿಮ್ಮದನ್ನ ಹಾಕಿ.

ಜೊತೆಗೆ ಫಾಂಟ್ಸ್ ಕೆಎನ್‌ಡಿಎ ಅಂತ ಪ್ಯಾಕೇಜ್ ಹಾಕಿದೀನಿ, ಗುಬ್ಬಿ, ನವಿಲು ಫಾಂಟ್‌ಗಳು ಅದರಲ್ಲೇ ಬರುತ್ತೆ, ಒತ್ತಕ್ಷರ ಮುದ್ದಾಗಿ ಕಾಣುತ್ತೆ.

ಇದು ಕೊನೇ ಶಾಟ್. ಪೂರ್ತಿ ಆಫ್ ಮಾಡಿ ಅವಳ ಕೈಗೇ ಕೊಟ್ಟೆ, ನಾನು ಏನೂ ಮುಟ್ಟಿಲ್ಲ. ಆನ್ ಮಾಡಿದ್ಲು... ಲೈಟ್ ಹತ್ತಿತು, ಆರಿತು, ಮತ್ತೆ ಹತ್ತಿತು... ವೈಫೈ ಐಕಾನ್ ಬಂತು. ಪಾಸ್‌ವರ್ಡ್ ಹಾಕ್ತಿದಾಳೆ, ಕ್ಯಾಮೆರಾ ಆಫ್ ಮಾಡ್ತೀನಿ ಈಗ.