ಒಂದೇ ಗೆರೆ ಬಂದರೆ ನಿಶ್ಚಿಂತರಾಗಬೇಡಿ

ಕೇಳುಗರೇ, ನಮಸ್ಕಾರ.

ಕೊರೊನಾ ಹಬ್ಬಿದ್ದಾಗ ಉತ್ತರ ಕನ್ನಡದ ಜೋಯಿಡಾದ ಹಳ್ಳಿಯೊಂದರಲ್ಲಿ ತೆಗೆದ ಗಂಟಲು ದ್ರವ, ಐಸ್ ಪೆಟ್ಟಿಗೆಯಲ್ಲಿ ಘಟ್ಟ ಇಳಿದು ಪ್ರಯೋಗಾಲಯ ಸೇರಬೇಕು, ಅಲ್ಲಿ ಸರದಿ ಕಾಯಬೇಕು. ವರದಿ ಕೈಸೇರುವಷ್ಟರಲ್ಲಿ ಮನೆಮಂದಿಗೆಲ್ಲ ಜ್ವರ. ಆ ತಡಕ್ಕೆ ಪರಿಹಾರವಾಗಿ ಬಂದದ್ದು, ವೈರಾಣುವಿನ ಪ್ರೋಟೀನನ್ನು ಪಟ್ಟಿಯ ಮೇಲೆ ಗೆರೆಯಾಗಿ ತೋರಿಸುವ ರ‍್ಯಾಪಿಡ್ ಆಂಟಿಜನ್ ಟೆಸ್ಟ್. 2020ರ ಜೂನ್‌ನಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ಅಂದರೆ ಐಸಿಎಂಆರ್, ಇದಕ್ಕೆ ಒಪ್ಪಿಗೆ ಕೊಟ್ಟಿತು. ರೋಗಿ ಇದ್ದಲ್ಲೇ ಅರ್ಧ ಗಂಟೆಯೊಳಗೆ ಫಲಿತಾಂಶ.

ಕಿಟ್ಟನ್ನು 2ರಿಂದ 30 ಡಿಗ್ರಿಯೊಳಗೆ ಇಡಬೇಕು. ನಮ್ಮ ಕರಾವಳಿಯಲ್ಲಿ ಅದಕ್ಕಿಂತ ದೊಡ್ಡ ಶತ್ರು ಮಳೆಗಾಲದ ತೇವ. ಒಳಗಿನ ಪಟ್ಟಿ ಗಾಳಿಯ ಪಸೆಯನ್ನು ಹೀರಿಕೊಂಡರೆ ದ್ರವ ಸರಿಯಾಗಿ ಹರಿಯುವುದಿಲ್ಲ. ಶಿಬಿರಕ್ಕೆ ಹೋದವರು ಕೆಲಸ ಬೇಗ ಮುಗಿಯಲೆಂದು ಹತ್ತು ಪೊಟ್ಟಣ ಒಮ್ಮೆಲೇ ಒಡೆದಿಡುವುದು ಇದರಿಂದಲೇ ತಪ್ಪು. ಫ್ರಿಜ್‌ನಿಂದ ತೆಗೆದ ಪೊಟ್ಟಣವನ್ನು ಕೋಣೆಯ ಬಿಸಿಗೆ ಬರುವವರೆಗೆ ಮುಚ್ಚಿಯೇ ಇಡಿ. ತಣ್ಣಗಿರುವಾಗ ಒಡೆದರೆ ಪಟ್ಟಿಯ ಮೇಲೆ ನೀರು ಬೆವರುತ್ತದೆ.

ಮೂಗಿನ ಆಳದಿಂದ ತೆಗೆದ ಕಡ್ಡಿಯನ್ನು ದ್ರವದ ನಳಿಕೆಯಲ್ಲಿ ಐದಾರು ಸಲ ತಿರುಗಿಸಿ. ಹೊರತೆಗೆಯುವಾಗ ನಳಿಕೆಯ ಎರಡೂ ಬದಿ ಒತ್ತಿ ಹಿಂಡಬೇಕು. ಇದನ್ನು ಬಿಟ್ಟರೆ ವೈರಾಣುವಿನ ಪಾಲು ಕಡ್ಡಿಯ ತುದಿಯಲ್ಲೇ ಉಳಿಯುತ್ತದೆ. ಆಮೇಲೆ ನಳಿಕೆಯನ್ನು ನೆಟ್ಟಗೆ ಹಿಡಿದು ಕುಳಿಗೆ ಹನಿ ಹಾಕಿ. ಸರಕಾರ ಮೊದಲು ಬಳಸಿದ ಕಿಟ್‌ಗೆ ಮೂರು ಹನಿ, 2021ರಲ್ಲಿ ಬಂದ ಮನೆ ಕಿಟ್‌ಗೆ ಎರಡು. ಆದ್ದರಿಂದ ಪ್ರತಿ ಸಲವೂ ಕಿಟ್ ಜೊತೆಗಿನ ಸೂಚನೆಯ ಕಾಗದ ಓದಿ. ನಳಿಕೆ ಓರೆಯಾದರೆ ಹನಿಯ ಗಾತ್ರ ಬದಲಾಗುತ್ತದೆ, ಗುಳ್ಳೆ ಬಿದ್ದರೆ ಅದು ಹನಿಯೇ ಅಲ್ಲ.

ಸಿ ಮತ್ತು ಟಿ ಎಂದು ಎರಡು ಗೆರೆಗಳ ಜಾಗ. ಟಿ ಗೆರೆ ಎಷ್ಟೇ ಮಸುಕಾಗಿದ್ದರೂ ಕಾಗದದಲ್ಲಿ ಹೇಳಿದ ಹೊತ್ತಿನೊಳಗೆ ಮೂಡಿದರೆ ಪಾಸಿಟಿವ್. ಸಿ ಒಂದೇ ಮೂಡಿದರೆ ನೆಗೆಟಿವ್. ಆದರೆ ಹೊತ್ತು ಮೀರಿ ನೋಡಬೇಡಿ. ಪಟ್ಟಿ ಒಣಗುವಾಗ ಸುಳ್ಳು ನೆರಳು ಕಾಣಬಹುದು. ಸಿ ಗೆರೆ ಬರದಿದ್ದರೆ ಆ ಕಿಟ್ ವ್ಯರ್ಥ, ಹೊಸದನ್ನು ತೆಗೆಯಿರಿ.

ಇಲ್ಲೊಂದು ಮಾತನ್ನು ಒತ್ತಿ ಹೇಳಬೇಕು. ದ್ರವ ಪಟ್ಟಿಯುದ್ದಕ್ಕೂ ಹರಿದಿದೆ ಎಂಬುದಷ್ಟೇ ಸಿ ಗೆರೆಯ ಅರ್ಥ. ಕಡ್ಡಿ ಮೂಗಿನ ತುದಿಗಷ್ಟೇ ತಾಗಿದ್ದರೂ ಅದು ಕೆಂಪಗೆ ಮೂಡುತ್ತದೆ. ಐಸಿಎಂಆರ್ ಪರಿಶೀಲಿಸಿದ ಆ ಮೊದಲ ಕಿಟ್‌ನಲ್ಲೇ ಸೋಂಕಿತರನ್ನು ಗುರುತಿಸುವ ಶಕ್ತಿ ಶೇಕಡಾ 50.6ರಿಂದ 84ರವರೆಗೆ ಮಾತ್ರ ಇತ್ತು. ಹಾಗಾಗಿ ಜ್ವರ, ಕೆಮ್ಮು ಇದ್ದೂ ನೆಗೆಟಿವ್ ಬಂದರೆ, ಪ್ರಯೋಗಾಲಯದಲ್ಲಿ ವೈರಾಣುವಿನ ತಳಿವಸ್ತುವಾದ ಆರ್‌ಎನ್‌ಎಯನ್ನು ಹುಡುಕುವ ಆರ್‌ಟಿಪಿಸಿಆರ್ ಮಾಡಿಸಲೇಬೇಕು. ಪಾಸಿಟಿವ್ ಬಂದರೆ ಮರುಪರೀಕ್ಷೆ ಬೇಡ.

ನಮ್ಮ ನೆರೆಯ ಗೋವಾದಲ್ಲೇ ತಯಾರಾಗುವ ಟ್ರೂನ್ಯಾಟ್ ಯಂತ್ರ ಇನ್ನೊಂದು ದಾರಿ. ಕ್ಷಯ ಪತ್ತೆಗೆಂದು ಬಂದ ಇದು ಬ್ಯಾಟರಿಯಲ್ಲೂ ನಡೆಯುತ್ತದೆ, ಸುಮಾರು ಒಂದು ಗಂಟೆಯಲ್ಲಿ ವೈರಾಣುವಿನ ಆರ್‌ಎನ್‌ಎಯನ್ನೇ ಹುಡುಕುತ್ತದೆ. ಮಳೆಗೆ ಕರೆಂಟು ಹೋಗುವ ಘಟ್ಟದ ಆಸ್ಪತ್ರೆಗಳಿಗೆ ಹೇಳಿ ಮಾಡಿಸಿದ್ದು.

ದಿನಗಟ್ಟಲೆ ಒಂದೇ ಬೋಟಿನಲ್ಲಿ ಉಣ್ಣುವ, ಮಲಗುವ ಮೀನುಗಾರ ಬಂಧುಗಳು ಇದನ್ನು ಗಮನಿಸಿ. ಮೈ ಬಿಸಿ ಇರುವವರಿಗೆ ಕಿಟ್‌ನಲ್ಲಿ ಒಂದೇ ಗೆರೆ ಬಂದರೂ ಆರ್‌ಟಿಪಿಸಿಆರ್ ವರದಿ ಬರುವವರೆಗೆ ಬೋಟು ಹತ್ತಿಸಬೇಡಿ.