ಸೊಂಟದ ಒರೆಯಲ್ಲಿರುವ ಪಿಸ್ತೂಲಿಗೆ ಎಂಥ ಲೇಪ ತಕ್ಕದ್ದು?

ಕೇಳುಗರಿಗೆ ನಮಸ್ಕಾರ.

ಮಂಡ್ಯದಲ್ಲಿ ಬೆಲ್ಲದ ವ್ಯಾಪಾರ ಮಾಡುವವರು, ಮೈಸೂರಿನ ಅಶೋಕ ರಸ್ತೆಯ ಚಿನ್ನಬೆಳ್ಳಿ ವರ್ತಕರು, ಪೆಟ್ರೋಲ್ ಬಂಕ್ ನಡೆಸುವವರು, ಹೀಗೆ ಹಣವನ್ನು ಜೊತೆಯಲ್ಲಿಟ್ಟುಕೊಂಡು ಓಡಾಡಬೇಕಾದ ಕೆಲವರು ಪರವಾನಗಿ ಪಡೆದು ರಿವಾಲ್ವರನ್ನೋ ಪಿಸ್ತೂಲನ್ನೋ ಇಟ್ಟುಕೊಂಡಿರುತ್ತಾರೆ. ಸಾರ್ವಜನಿಕ ಸ್ಥಳಗಳಲ್ಲಿ ಅದನ್ನು ಒರೆಯಲ್ಲಿಟ್ಟು, ಹೊರಗೆ ಕಾಣದಂತೆ ಮುಚ್ಚಿಕೊಂಡೇ ಒಯ್ಯಬೇಕೆಂಬುದು 2016ರ ಆಯುಧ ನಿಯಮಗಳ ಆಶಯ. ಹಾಗೆ ಮುಚ್ಚಿಕೊಂಡದ್ದು ಅಂಗಿಯ ಅಡಿಯಲ್ಲಿ, ಮೈಗೆ ಒತ್ತಿಕೊಂಡು, ಬೆಳಗಿನಿಂದ ಸಂಜೆಯವರೆಗೆ ಬೆವರು ಕುಡಿಯುತ್ತ ಇರುತ್ತದೆ. ಲೋಹಶಾಸ್ತ್ರದ ಪಾಠ ಹೇಳುವ ನನ್ನನ್ನು ಪರಿಚಯಸ್ಥರು ಆಗಾಗ ಕೇಳುವ ಪ್ರಶ್ನೆಯೊಂದಿದೆ: ಇಂಥ ಆಯುಧಕ್ಕೆ ಬಹುಕಾಲ ಬಾಳುವ ಲೇಪ ಯಾವುದು? ಇವತ್ತಿನ ಮಾತು ಅದರ ಬಗ್ಗೆ.

ಕೇಳುವವರಲ್ಲಿ ಹೆಚ್ಚಿನವರು ಗಡಸುತನವನ್ನೂ ತುಕ್ಕು ತಡೆಯುವ ಗುಣವನ್ನೂ ಒಂದೇ ಎಂದು ಭಾವಿಸಿರುತ್ತಾರೆ. ಇವೆರಡೂ ಬೇರೆ ಬೇರೆ. ಒರೆಯಿಂದ ತೆಗೆದು ಹಾಕುವಾಗ ನಳಿಗೆಯ ತುದಿ ಮತ್ತು ರಿವಾಲ್ವರಿನಲ್ಲಿ ಗುಂಡು ತುಂಬುವ ತಿರುಗುಗೂಡಿನ ಉಬ್ಬಿದ ಅಂಚು ಚರ್ಮಕ್ಕೆ ಉಜ್ಜಿ ಬಿಳಿಚಿಕೊಳ್ಳುತ್ತವೆ. ಅದನ್ನು ತಡೆಯಲು ಗಡಸುತನ ಬೇಕು. ಬೆವರಿನ ಉಪ್ಪು ಉಕ್ಕನ್ನು ತಿನ್ನುವುದು ಬೇರೆಯೇ ಕಡೆಯಲ್ಲಿ. ಹಳೆಯ ರಿವಾಲ್ವರೊಂದರ ಹಿಡಿಯ ಮರದ ಪಟ್ಟಿಗಳನ್ನು ತಿರುಪು ಬಿಚ್ಚಿ ತೆಗೆದು ನೋಡಿದರೆ, ಹೊರಗೆ ಮಿರಮಿರ ಮಿಂಚುತ್ತಿದ್ದ ಆಯುಧದ ಒಳಗೆ, ಮರ ಉಕ್ಕಿಗೆ ಅಂಟಿದ ಗೆರೆಯುದ್ದಕ್ಕೂ ಕಾವಿಬಣ್ಣದ ಪುಡಿ ಕೂತಿರುತ್ತದೆ. ಅಲ್ಲಿಗೆ ಬಟ್ಟೆಯೂ ಹೋಗುವುದಿಲ್ಲ, ಎಣ್ಣೆಯೂ ಹೋಗುವುದಿಲ್ಲ. ಬೆವರು ಮಾತ್ರ ಹೋಗುತ್ತದೆ. ಲೇಪವನ್ನು ಅಳೆಯಬೇಕಾದದ್ದು ಈ ಜಾಗದಿಂದ.

ನಮ್ಮ ಕಡೆ ಹೆಚ್ಚಾಗಿ ಕಾಣುವುದು, ಅದರಲ್ಲೂ ತಂದೆ ತಾತಂದಿರಿಂದ ಬಂದ ವೆಬ್ಲಿ ಎಂಬ ಇಂಗ್ಲೆಂಡಿನ ರಿವಾಲ್ವರಿನಂಥ ಆಯುಧಗಳಲ್ಲಿ ಕಾಣುವುದು, ಬ್ಲೂಯಿಂಗ್ ಎಂಬ ನೀಲಿಗಪ್ಪು. ನೋಡಲು ಇದಕ್ಕಿಂತ ಚೆಂದದ್ದು ಇನ್ನೊಂದಿಲ್ಲ ಎಂದು ನಾನೂ ಒಪ್ಪುತ್ತೇನೆ. ಆದರೆ ಇದು ಮೇಲೆ ಬಳಿದ ಬಣ್ಣವಲ್ಲ. ಕಾಸ್ಟಿಕ್ ಸೋಡಾ ಮತ್ತು ನೈಟ್ರೇಟ್ ಲವಣಗಳ ಕುದಿಯುವ ದ್ರಾವಣದಲ್ಲಿ ಅದ್ದಿದಾಗ ಉಕ್ಕಿನ ಮೇಲ್ಮೈಯೇ ಕಪ್ಪು ಐರನ್ ಆಕ್ಸೈಡ್ ಆಗಿ ಮಾರ್ಪಡುತ್ತದೆ. ಅಂದರೆ ಕೆಂಪು ತುಕ್ಕು ಬರದಿರಲೆಂದು ಮಾಡಿಟ್ಟ ಕಪ್ಪು ತುಕ್ಕು ಅದು. ಅದರ ದಪ್ಪ ಒಂದು ಮೈಕ್ರಾನಿನ, ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗದ ಆಸುಪಾಸು. ಎಣ್ಣೆಯನ್ನು ಹಿಡಿದಿಟ್ಟುಕೊಳ್ಳುತ್ತದೆ ಎನ್ನುವುದಷ್ಟೇ ಅದರ ರಕ್ಷಣೆ. ಎಣ್ಣೆ ಒಣಗಿದ ದಿನ ರಕ್ಷಣೆಯೂ ಮುಗಿಯಿತು.

ಇಲ್ಲಿ ಆಯುಧಪೂಜೆಯ ವಿಷಯ ಹೇಳಲೇಬೇಕು. ನವಮಿಯ ದಿನ ಕೋವಿ, ಪಿಸ್ತೂಲುಗಳಿಗೆ ಕುಂಕುಮ, ವಿಭೂತಿ, ಒದ್ದೆ ಗಂಧ ಹಚ್ಚಿ, ಮೇಲೊಂದು ನಿಂಬೆಹಣ್ಣು ಕತ್ತರಿಸಿಟ್ಟು, ಮರುದಿನದವರೆಗೆ ಹಾಗೆಯೇ ಬಿಡುವುದು ಎಷ್ಟೋ ಮನೆಗಳ ರೂಢಿ. ನಿಂಬೆರಸದ ಆಮ್ಲ ಬ್ಲೂಯಿಂಗನ್ನು ನೇರವಾಗಿ ಕರಗಿಸಿಬಿಡುತ್ತದೆ. ರಸ ಹರಿದ ದಾರಿ ಬೂದುಬಣ್ಣದ ಕಲೆಯಾಗಿ ಉಳಿಯುತ್ತದೆ, ಆ ಕಲೆಯಿಂದಲೇ ತುಕ್ಕು ಮೊದಲಾಗುತ್ತದೆ. ಪೂಜೆ ಬೇಡವೆನ್ನುವವನು ನಾನಲ್ಲ. ಗುಂಡು ತೆಗೆದು, ಒರೆಗೆ ಕುಂಕುಮವಿಟ್ಟು, ನಿಂಬೆಹಣ್ಣನ್ನು ಪಕ್ಕದ ತಟ್ಟೆಯಲ್ಲಿರಿಸಿದರೆ ದೇವಿ ಮುನಿಯಲಾರಳು.

ಬ್ಲೂಯಿಂಗಿಗಿಂತ ಒಂದು ಮೆಟ್ಟಿಲು ಮೇಲಿನದು ಫಾಸ್ಫೇಟ್ ಲೇಪ, ಅಂದರೆ ಪಾರ್ಕರೈಸಿಂಗ್. ಎರಡನೆಯ ಮಹಾಯುದ್ಧದಲ್ಲಿ ಅಮೆರಿಕದ ಸೈನ್ಯದ ಆಯುಧಗಳಿಗೆ ಬೂದುಬಣ್ಣ ಬಂದದ್ದು ಇದರಿಂದ. ಮುಟ್ಟಿದರೆ ಒರಟು, ಎಣ್ಣೆ ಕುಡಿದು ಪಳಗಿದ ದೋಸೆಯ ಕಾವಲಿಯ ಹಾಗೆ. ಅಂದಕ್ಕೆ ಆಸೆಪಡದವರಿಗೆ ಒಳ್ಳೆಯದು, ಆದರೆ ಎಣ್ಣೆಯ ಹಂಗು ಇದಕ್ಕೂ ತಪ್ಪಿದ್ದಲ್ಲ.

ನಿಕ್ಕಲ್ ಮತ್ತು ಹಾರ್ಡ್ ಕ್ರೋಮ್ ಬಗ್ಗೆ ಹೆಚ್ಚು ಜನ ಆಸೆಪಡುವುದರಿಂದ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಹಾರ್ಡ್ ಕ್ರೋಮ್ ಬಹಳ ಗಡಸು. ಒರೆಯ ಉಜ್ಜುವಿಕೆಗೆ ಜಗ್ಗುವುದಿಲ್ಲ. ಆದರೆ ಅದರ ಮೈಯಲ್ಲಿ ಕಣ್ಣಿಗೆ ಕಾಣದ ಬಿರುಕುಗಳಿರುತ್ತವೆ, ತೆಳುವಾಗಿ ಹಾಕಿದ್ದರೆ ಬೆವರು ಅವುಗಳ ಮೂಲಕ ಉಕ್ಕನ್ನು ತಲುಪುತ್ತದೆ. ವಿದ್ಯುತ್ತಿನಿಂದ ಹಾಕಿದ ನಿಕ್ಕಲ್ ಒಂದು ಕಡೆ ಎದ್ದಿತೆಂದರೆ ಹಪ್ಪಳದಂತೆ ಸಿಪ್ಪೆ ಏಳುತ್ತದೆ. ವಿದ್ಯುತ್ತಿಲ್ಲದೆ ರಾಸಾಯನಿಕವಾಗಿ ಕೂರಿಸುವ ನಿಕ್ಕಲ್ ಮೂಲೆಮುಡುಕುಗಳಲ್ಲಿಯೂ ಸಮನಾಗಿ ಕೂರುವುದರಿಂದ ಅದೇ ಲೇಸು. ವಿದ್ಯುಲ್ಲೇಪದಲ್ಲಿ ಇನ್ನೊಂದು ಅಪಾಯವಿದೆ. ಆ ವೇಳೆ ಹೈಡ್ರೋಜನ್ ಉಕ್ಕಿನೊಳಗೆ ಸೇರಿಕೊಂಡು ಗಡಸು ಉಕ್ಕನ್ನು ಪೆಡಸಾಗಿಸುತ್ತದೆ, ಆದ್ದರಿಂದ ಲೇಪವಾದ ಕೂಡಲೇ ಅದನ್ನು ಗಂಟೆಗಟ್ಟಲೆ ಕಾಯಿಸಿ ಹೈಡ್ರೋಜನ್ನನ್ನು ಹೊರಗಟ್ಟಬೇಕು. ಸ್ಪ್ರಿಂಗುಗಳಿಗಂತೂ ಇಂಥ ಲೇಪ ಹಾಕಿಸಲೇಬಾರದು, ಮುರಿಯುತ್ತವೆ.

ಬೈಕಿನ ಸೈಲೆನ್ಸರಿಗೆ ಗಿಲೀಟು ಹಾಕುವ ಅಂಗಡಿಯವರಿಗೆ ಇದೊಂದೂ ಗೊತ್ತಿರಬೇಕೆಂದಿಲ್ಲ. ಅದಕ್ಕಿಂತ ಮುಖ್ಯವಾಗಿ, ಆಯುಧದ ಕೆಲಸವನ್ನು ಅದಕ್ಕೆಂದು ಪರವಾನಗಿಯಿಲ್ಲದವರ ಕೈಗೆ ಕೊಡುವುದು 1959ರ ಆಯುಧ ಕಾಯ್ದೆಗೆ ವಿರುದ್ಧ. ಗಿಲೀಟಿಗೆ ಮುಂಚೆ ಗಾಲಿಗೆ ಹಿಡಿದು ಪಾಲಿಶ್ ಮಾಡುವಾಗ ಆಯುಧದ ಮೇಲೆ ಕೊರೆದ ಸಂಖ್ಯೆ ಸವೆದುಹೋದರಂತೂ ಕಷ್ಟ ಇನ್ನೂ ದೊಡ್ಡದು, ಏಕೆಂದರೆ ಗುರುತಿನ ಸಂಖ್ಯೆಯನ್ನು ಅಳಿಸುವುದನ್ನು ಅದೇ ಕಾಯ್ದೆಯ 8ನೆಯ ಸೆಕ್ಷನ್ ನಿಷೇಧಿಸುತ್ತದೆ.

ಸೆರಾಕೋಟ್‌ನಂಥ ಸೆರಾಮಿಕ್ ಬಣ್ಣಗಳನ್ನು ಸಿಂಪಡಿಸಿ ಒಲೆಯಲ್ಲಿ ಕಾಯಿಸಿ ಗಟ್ಟಿಗೊಳಿಸುತ್ತಾರೆ. ಬೆವರನ್ನು ಅವು ಚೆನ್ನಾಗಿ ತಡೆಯುತ್ತವೆ, ಅಂಚುಗಳಲ್ಲಿ ಮಾತ್ರ ಕಾಲಕ್ರಮದಲ್ಲಿ ಸವೆಯುತ್ತವೆ. ಸ್ಟೇನ್‌ಲೆಸ್ ಉಕ್ಕಿನ ರಿವಾಲ್ವರನ್ನು ಸ್ಮಿತ್ ಆಂಡ್ ವೆಸನ್ ಕಂಪನಿ 1965ರಲ್ಲಿ ಮೊದಲಿಗೆ ಹೊರತಂದಿತು. ಅದಕ್ಕೆ ಲೇಪವೇ ಬೇಡ, ಆದರೂ ತುಕ್ಕೇ ಹಿಡಿಯದೆಂದು ನಂಬಿ ಒರೆಸದೆ ಬಿಟ್ಟವರ ಆಯುಧದಲ್ಲಿ ಉಪ್ಪಿನಿಂದಾದ ಸಣ್ಣ ಸಣ್ಣ ಗುಳಿಗಳು ಕಾಣುತ್ತವೆ.

ಹೊಸದಾಗಿ ಕೊಳ್ಳುವವರು ನನ್ನ ಅಭಿಪ್ರಾಯ ಕೇಳಿದರೆ, ಕಾರ್ಖಾನೆಯಲ್ಲಿಯೇ ನೈಟ್ರೈಡ್ ಮಾಡಿದ ಉಕ್ಕು ಸಿಕ್ಕಿದರೆ ಅದನ್ನೇ ಆರಿಸಿಕೊಳ್ಳಿ ಎನ್ನುತ್ತೇನೆ. ಇಲ್ಲಿ ಸಾರಜನಕ ಉಕ್ಕಿನ ಮೈಯೊಳಗೇ ಇಳಿದು ಗಡಸಾಗಿಸುತ್ತದೆ. ಮೇಲೆ ಕೂತ ಪದರವಲ್ಲದ್ದರಿಂದ ಸಿಪ್ಪೆ ಏಳುವ ಪ್ರಶ್ನೆಯಿಲ್ಲ. ಉಜ್ಜುವಿಕೆ, ಬೆವರು ಎರಡಕ್ಕೂ ಒಟ್ಟಿಗೆ ಉತ್ತರ ಕೊಡುವುದು ಇದೊಂದೇ. ಆದರೆ ಈ ಕೆಲಸಕ್ಕೆ 500 ಡಿಗ್ರಿ ಸೆಲ್ಸಿಯಸ್ ಮೀರಿದ ಶಾಖ ಬೇಕಾಗಿರುವುದರಿಂದ, ತಾತನ ಕಾಲದ ರಿವಾಲ್ವರನ್ನು ಇದಕ್ಕೆ ಒಡ್ಡಿದರೆ ಅದರ ಹದವೇ ಕೆಡಬಹುದು. ಅಂಥದ್ದಕ್ಕೆ ಬ್ಲೂಯಿಂಗೇ ಇರಲಿ. ದುಡ್ಡನ್ನು ಒಳ್ಳೆಯ ಎಣ್ಣೆಗೂ ಬೆವರು ದಾಟದ ಒರೆಗೂ ಖರ್ಚು ಮಾಡುವುದು ವಾಸಿ.

ಎಣ್ಣೆಯೆಂದರೆ ಕೊಬ್ಬರಿ ಎಣ್ಣೆಯಲ್ಲ. ಮೈಸೂರಿನ ಮಾಗಿಯ ಚಳಿಗೆ ಅದು ಹೆಪ್ಪುಗಟ್ಟಿ, ಚಲಿಸುವ ಭಾಗಗಳನ್ನು ಹಿಡಿದುಬಿಡುತ್ತದೆ. ಹೊಲಿಗೆ ಯಂತ್ರದ ತೆಳು ಖನಿಜ ತೈಲ ಸಾಕು. ಗುಂಡುಗಳಿಗೆ ಮಾತ್ರ ಸೋಕಬಾರದು, ಏಕೆಂದರೆ ಎಣ್ಣೆ ಒಳಗಿಳಿದರೆ ಗುಂಡು ಹಾರದೆ ಹೋಗಬಹುದು. ರಾತ್ರಿ ಮನೆಗೆ ಬಂದು, ಗುಂಡು ತೆಗೆದು ಬರಿದಾಗಿರುವುದನ್ನು ಕಣ್ಣಿನಿಂದಲೂ ಬೆರಳಿನಿಂದಲೂ ಖಚಿತಪಡಿಸಿಕೊಂಡು, ಒರೆಸಿ, ಒರೆಯ ಹೊರಗೆ ಬೀಗದೊಳಗಿಡಬೇಕು. ಬೆವರು ಕುಡಿದ ಚರ್ಮದೊಳಗೆ ರಾತ್ರಿಯಿಡೀ ಬಿಟ್ಟರೆ ಎಂಥ ಲೇಪವೂ ಸೋಲುತ್ತದೆ.

ಚುನಾವಣೆ ಘೋಷಣೆಯಾದಾಗ ಆಯುಧಗಳನ್ನು ಠಾಣೆಗೆ ಒಪ್ಪಿಸಲು ಆದೇಶ ಬರುವುದುಂಟು, ಆಮೇಲೆ ವಾರಗಟ್ಟಲೆ ಅದು ನಮ್ಮ ಕೈಗೆ ಸಿಗುವುದಿಲ್ಲ. ಒಪ್ಪಿಸುವ ಮುನ್ನ ಹಿಡಿಯ ಪಟ್ಟಿ ಬಿಚ್ಚಿ, ಅಡಿಯಲ್ಲಿ ಗ್ರೀಸಿನ ತೆಳು ಪದರ ಸವರಿ, ಒರೆಯಿಲ್ಲದೆ ಎಣ್ಣೆಬಟ್ಟೆಯಲ್ಲಿ ಸುತ್ತಿ ಕೊಡಿ. ಮರಳಿ ಪಡೆದಾಗ ಸಂಖ್ಯೆಯನ್ನು ರಸೀದಿಯೊಂದಿಗೆ ತಾಳೆ ನೋಡಿ, ಮನೆಗೆ ಬಂದು ಅದೇ ಪಟ್ಟಿಯನ್ನು ಮತ್ತೆ ಬಿಚ್ಚಿ ನೋಡಿ. ನಮಸ್ಕಾರ.