ಮಳೆಯ ಲೆಕ್ಕ ಬರೆದಿಟ್ಟ ಊರು

ಕೇಳುಗರಿಗೆ ನಮಸ್ಕಾರ.

ಜುಲೈ 29 ಅಂದರೆ ನಮಗೆ ಪುಷ್ಯ ಮಳೆಯ ಕಾಲ. ಅಮೆರಿಕದ ಪೆನ್ಸಿಲ್ವೇನಿಯ ರಾಜ್ಯದ ನೈರುತ್ಯ ಮೂಲೆಯ ವೇಯ್ನ್ಸ್‌ಬರ್ಗ್ ಎಂಬ ಊರಿನಲ್ಲಿ ಅದು ‘ಮಳೆ ದಿನ’. ನನ್ನ ಹುಟ್ಟುಹಬ್ಬಕ್ಕೆ ಮಳೆ ತಪ್ಪುವುದಿಲ್ಲ ಎಂದು ಹಿಂದೊಬ್ಬ ರೈತ ಔಷಧಿ ಅಂಗಡಿಯಲ್ಲಿ ಹೇಳಿದನಂತೆ. ಅಂದಿನಿಂದ ಲೆಕ್ಕ ಬರೆಯತೊಡಗಿದರು. ಆ ಲೆಕ್ಕ 1874ರವರೆಗೂ ಹಿಂದಕ್ಕೆ ಹೋಗುತ್ತದೆ. ಈಗಲೂ ಆ ದಿನ ಬೀದಿಯಲ್ಲಿ ಜಾತ್ರೆ ಸೇರುತ್ತದೆ, ಮಳೆ ಬರಲೆಂದು ಜನ ಆಕಾಶ ನೋಡುತ್ತಾರೆ.

ನಾಲ್ಕು ಸಾವಿರದಷ್ಟು ಜನರ ಈ ಊರು ಗ್ರೀನ್ ಕೌಂಟಿಯ ಆಡಳಿತ ಕೇಂದ್ರ, ನಮ್ಮ ಜಿಲ್ಲಾ ಕೇಂದ್ರವಿದ್ದ ಹಾಗೆ. ಇಲ್ಲಿನ ಕೋರ್ಟಿನ ಕಟ್ಟಡದಲ್ಲಿ ಜಮೀನಿನ ಹಳೆಯ ಕ್ರಯಪತ್ರಗಳಿವೆ. ಅವುಗಳಲ್ಲಿ ನಮಗೆ ವಿಚಿತ್ರವೆನಿಸುವ ಸಂಗತಿಯೊಂದಿದೆ: ಮೇಲಿನ ಹೊಲ ಒಬ್ಬರದು, ಕೆಳಗಿನ ಕಲ್ಲಿದ್ದಲು ಇನ್ನೊಬ್ಬರದು, ಅದಕ್ಕೂ ಕೆಳಗಿನ ಅನಿಲ ಮತ್ತೊಬ್ಬರದು ಇರಬಹುದು. ಅಜ್ಜ ಕಲ್ಲಿದ್ದಲಿನ ಹಕ್ಕು ಮಾರಿದ್ದರೆ, ಮೊಮ್ಮಗ ಉಳುವುದು ಬರೀ ಮೇಲ್ಪದರವನ್ನು.

ಇಲ್ಲಿ ಕಲ್ಲಿದ್ದಲು ತೆಗೆಯುವ ಬಗೆಗೆ ಲಾಂಗ್‌ವಾಲ್ ಎನ್ನುತ್ತಾರೆ. ಯಂತ್ರವು ಕಲ್ಲಿದ್ದಲಿನ ಉದ್ದನೆಯ ಗೋಡೆಯನ್ನು ಹೆರೆಯುತ್ತ ಮುಂದೆ ಸಾಗುತ್ತದೆ. ಹಿಂದೆ ಬರಿದಾದ ಜಾಗದ ಚಾವಣಿಯನ್ನು ಕುಸಿಯಲು ಬಿಡುತ್ತಾರೆ. ಆಗ ಮೇಲಿನ ನೆಲ ತಗ್ಗುತ್ತದೆ. ಮನೆ ಬಿರುಕು ಬಿಡಬಹುದು, ಊಟೆ ಬತ್ತಬಹುದು. ಇನ್ನು ಮಾರ್ಸೆಲಸ್ ಶೇಲ್ ಎಂಬ ಶಿಲೆಯ ಅನಿಲ ಇರುವುದು ಎರಡು ಕಿಲೋಮೀಟರಿಗೂ ಆಳದಲ್ಲಿ. ಕೊರೆದು, ನೀರು ಮರಳುಗಳನ್ನು ಒತ್ತಡದಿಂದ ನುಗ್ಗಿಸಿ ಅದನ್ನು ಹೊರತೆಗೆಯುತ್ತಾರೆ.

ಗಣಿಯೇ ಬೇಡ ಎಂದು ದೂರದಲ್ಲಿ ಕೂತು ಹೇಳುವುದು ಸುಲಭ. ನಾನು ಹಾಗೆ ಹೇಳಲಾರೆ. ಊರ ಪಕ್ಕದ ಎಮರಾಲ್ಡ್ ಗಣಿ 2015ರಲ್ಲಿ ಮುಚ್ಚಿದಾಗ ಎಷ್ಟೋ ಮನೆಗಳ ಸಂಬಳ ನಿಂತಿತು. ಅದೂ ಬದುಕೇ.

ಆದರೂ ನನಗೆ ಮರೆಯಲಾಗದ್ದು ಡ್ಯೂಕ್ ಕೆರೆ. ಇದೇ ಕೌಂಟಿಯ ರಯರ್ಸನ್ ಸ್ಟೇಷನ್ ಉದ್ಯಾನದಲ್ಲಿ ಅರವತ್ತು ಎಕರೆ ಮೀರಿ ಹರಡಿದ್ದ ಕೆರೆ, ಮೀನು ಹಿಡಿಯಲು ಮಕ್ಕಳನ್ನು ಕರೆದೊಯ್ಯುತ್ತಿದ್ದ ಜಾಗ. 2005ರಲ್ಲಿ ಅಣೆಕಟ್ಟಿನಲ್ಲಿ ಬಿರುಕು ಕಂಡು ನೀರನ್ನೆಲ್ಲ ಹೊರಬಿಟ್ಟರು. ಗಣಿಗಾರಿಕೆಯೇ ಕಾರಣ ಎಂದು 2010ರಲ್ಲಿ ರಾಜ್ಯದ ಪರಿಸರ ಇಲಾಖೆ ಹೇಳಿತು. ಮತ್ತೆ ಕಟ್ಟುತ್ತಾರೆಂದು ಜನ ಕಾದರು. ನೆಲ ಇನ್ನೂ ಸರಿಯುತ್ತಿದೆ ಎಂದು 2015ರಲ್ಲಿ ಆ ಆಸೆಯನ್ನೂ ಕೈಬಿಡಬೇಕಾಯಿತು.

ಜುಲೈ 29ರ ಮಳೆ ಆ ಕಣಿವೆಯಲ್ಲೂ ಸುರಿದರೆ, ನೀರು ಈಗ ಅಲ್ಲಿ ನಿಲ್ಲುವುದಿಲ್ಲ. ಹಳೆಯ ಕೆರೆಯಂಗಳದ ನಡುವೆ ಹಳ್ಳವಾಗಿ ಹರಿದುಹೋಗುತ್ತದೆ.

ನಮಸ್ಕಾರ.